ಕುರಿಕಳ್ಳನ ತಮ್ಮ

ಬಿನ್ ಒಮ್ರಾನ್, ದೋಹಾ
ಕತಾರ್
7 ಜೂನ್ 1996, ಶುಕ್ರವಾರ

ಪ್ರೀತಿಯ ದೂಮಣ್ಣನಿಗೆ ತಮ್ಮ ಗಿರಿಯಪ್ಪನ ನಮಸ್ಕಾರಗಳು.

ನಿನ್ನ ಆರೋಗ್ಯ ಹೇಗಿದೆ? ಬೊಂಬಾಯಿಯಲ್ಲಿ ಮಳೆ ಹಿಡಿಯಿತೇ? ಇಡೀ ದಿನ ದೋಸೆ ಕಾವಲಿಯ ಮುಂದೆ ನಿಲ್ಲುವವನಿಗೆ ಕಾಲು ನೋವು ಬರದೆ ಇರುವುದಿಲ್ಲ. ಮಲಗುವ ಮೊದಲು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕುಳಿತುಕೋ. ಹದಿನೇಳು ವರ್ಷಗಳ ಮೇಲೆ ಬರೆಯುವ ಕಾಗದದಲ್ಲಿ ಬಿಸಿನೀರಿನ ಮಾತು ಯಾಕೆ ಎಂದು ನಗಬೇಡ. ಬೇರೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ನಿನ್ನ ವಿಳಾಸ ಕೊಟ್ಟವನು ನನ್ನ ಕೋಣೆಯಲ್ಲಿರುವ ಶಾಹುಲ್ ಹಮೀದ್. ಉಪ್ಪಿನಂಗಡಿಯವನು, ನನ್ನ ಹಾಗೆ ಡ್ರೈವರ್. ಅವನ ಭಾವನ ಚಪ್ಪಲಿ ಅಂಗಡಿ ನಿನ್ನ ಹೋಟೆಲಿನ ಎದುರಿಗೇ ಇದೆಯಂತೆ. ನಿನ್ನ ತಲೆ ಪೂರ್ತಿ ಬೆಳ್ಳಗಾಗಿದೆ, ಯಾರ ಹತ್ತಿರವೂ ಮಾತಿಲ್ಲ ಎಂದು ಹೇಳಿದ. ಅಮ್ಮ ತೀರಿಹೋದ ಸುದ್ದಿಯನ್ನು ಆ ಭಾವ ಹೇಳಿದಾಗ, ಕಾವಲಿಯ ಮೇಲಿನ ದೋಸೆ ಕರಿಯಾಗಿ ಹೊಗೆ ಏಳುವವರೆಗೂ ನೀನು ಸುಮ್ಮನೆ ನಿಂತಿದ್ದೆಯಂತೆ. ಅದನ್ನು ಕೇಳಿ ನನಗೆ ನಿನ್ನ ಮೇಲೆ ಕನಿಕರ ಬರಬೇಕಿತ್ತು. ಬಂದದ್ದು ಬೇರೆ. ಅಳುವುದರಲ್ಲಿಯೂ ಇವನು ಪಾಲಿಗೆ ಬಂದನಲ್ಲ ಎನಿಸಿತು.

ನಾನು ಹೊಟ್ಟೆಕಿಚ್ಚಿನವನೆಂದೇ ತಿಳಿದುಕೋ. ಫೆಬ್ರವರಿಯಲ್ಲಿ ಅಮ್ಮ ಹಾಸಿಗೆ ಹಿಡಿದಾಗ ಹೆಜಮಾಡಿಯ ಅಂಗಡಿ ಫೋನಿಗೆ ಅವಳನ್ನು ಎತ್ತಿಕೊಂಡು ಬಂದಿದ್ದರು. ನಾನು ಇಲ್ಲಿಂದ “ಅಮ್ಮಾ, ನಾನು” ಎಂದೆ. ಅವಳು ಊಟ ಆಯಿತೇ ಎಂದು ಕೇಳಲಿಲ್ಲ, ಯಾವಾಗ ಬರುತ್ತೀ ಎಂದೂ ಕೇಳಲಿಲ್ಲ. “ದೂಮ ಎಲ್ಲಿದ್ದಾನಂತೆ, ಏನಾದರೂ ಗೊತ್ತಾಯ್ತಾ ಮಗಾ?” ಎಂದಳು. ಅದೇ ಕೊನೆಯ ಮಾತು. ಆಗ ನನಗೂ ನಿನ್ನ ಸುಳಿವು ಇರಲಿಲ್ಲ. ಅವಳು ಹೋದ ದಿನ ನನ್ನ ಪಾಸ್‌ಪೋರ್ಟ್ ಕಂಪೆನಿಯಲ್ಲಿ, ಹೊರಗೆ ಬಿಡುವ ಕಾಗದಕ್ಕೆ ಸಹಿ ಹಾಕಬೇಕಾದ ಮಾಲೀಕ ಲಂಡನ್ನಿನಲ್ಲಿ. ಚಿಕ್ಕಪ್ಪನ ಮಗ ಕೊಳ್ಳಿ ಇಟ್ಟ. ಉತ್ತರಕ್ರಿಯೆಯ ಬೊಜ್ಜಕ್ಕೂ ನಾನು ತಲುಪಲಿಲ್ಲ. ಈಗ ಉಳಿದಿರುವುದು ಒಂದೇ, ಬರುವ ಆಟಿ ತಿಂಗಳಲ್ಲಿ ಹಿರಿಯರಿಗೆ ಬಡಿಸುವಾಗ ಅಮ್ಮನ ಹೆಸರಿನ ಮೊದಲ ಎಲೆ. ಅದನ್ನು ದೊಡ್ಡ ಮಗನೇ ಬಡಿಸಬೇಕು, ದೂಮಣ್ಣನನ್ನು ಕೇಳದೆ ನಾನು ಏನೂ ಹೇಳುವುದಿಲ್ಲ ಎಂದು ತಂಗಿ ಲೀಲಾಕ್ಷಿ ಹಟ ಹಿಡಿದಿದ್ದಾಳೆ. ಅದಕ್ಕೇ ಕೇಳುತ್ತಿದ್ದೇನೆ ಅಣ್ಣಾ. ಆ ಎಲೆಯನ್ನು ನನಗೆ ಬಿಟ್ಟುಕೊಡು. ರಜೆ ಸಿಕ್ಕಿದೆ, ನಾನು ಹೋಗುತ್ತೇನೆ.

ನಿನಗೆ ಇಲ್ಲಿಯ ಒಂದು ಸಂಗತಿ ಹೇಳಬೇಕು. ಅದಿಲ್ಲದಿದ್ದರೆ ಈ ಕಾಗದವನ್ನೇ ನಾನು ಬರೆಯುತ್ತಿರಲಿಲ್ಲ. ನಾನು ಕಾರು ಓಡಿಸುವುದು ಡೆಕ್ಲನ್ ಎಂಬ ಐರ್ಲೆಂಡಿನ ಎಂಜಿನಿಯರ್‌ಗೆ. ಬೆಳಿಗ್ಗೆ ಮುಐದರ್ ಬಡಾವಣೆಯ ಅವರ ಮನೆಯಿಂದ ಸೈಟಿಗೆ, ಮಧ್ಯಾಹ್ನ ಇಂಡಸ್ಟ್ರಿಯಲ್ ಏರಿಯಾದ ಗೋದಾಮಿಗೆ, ಸಂಜೆ ಮತ್ತೆ ಮನೆಗೆ. ದಾರಿಯುದ್ದಕ್ಕೂ ಅವರಿಗೆ ಮಾತು ಬೇಕು. ಎರಡು ವರ್ಷಗಳಿಂದ ಅವರ ಮಾತೆಲ್ಲ ಮೈಕಲ್ ಎಂಬವನದು. ಮೈಕಲ್ ಅವರ ಅಜ್ಜನ ಅಜ್ಜನ ಅಣ್ಣ. ಅವರ ದೇಶದಲ್ಲಿ ಬಟಾಟೆ ಬೆಳೆ ಕೊಳೆತು ಜನ ಹಸಿವಿನಿಂದ ಸಾಯುತ್ತಿದ್ದಾಗ ಒಂದು ಕುರಿ ಕದ್ದು ಸಿಕ್ಕಿಬಿದ್ದವನು. ಆಗಿನ ಸರಕಾರ ಅವನನ್ನು ಹಡಗಿಗೆ ಹಾಕಿ ಟಾಸ್ಮೇನಿಯಾ ಎಂಬ ದ್ವೀಪಕ್ಕೆ ಗಡೀಪಾರು ಮಾಡಿತು. ನಮ್ಮಲ್ಲಿ ಬ್ರಿಟಿಷರ ಕಾಲದಲ್ಲಿ ಅಂಡಮಾನಿಗೆ ಕಳಿಸಿದ ಹಾಗೆ. ಮತ್ತೆ ಊರಿಗೆ ಬರಲಿಲ್ಲ. ಮನೆಯವರು ನಾಚಿಕೆಯಿಂದ ಅವನ ಹೆಸರೆತ್ತುವುದನ್ನೇ ಬಿಟ್ಟರು. ಡೆಕ್ಲನ್ ಸರ್ ಈಗ ಅವನನ್ನು ಹುಡುಕುತ್ತಿದ್ದಾರೆ. ಕಂಡಕಂಡಲ್ಲಿಗೆ ಬರೆಯುತ್ತಾರೆ, ರಜೆಯಲ್ಲಿ ಹಡಗಿನ ಬಂದರಿಗೂ ಹೋಗಿ ಬಂದರು. ಒಂದು ದಿನ ಕಾರಿನ ಬಾಗಿಲು ತೆರೆಯುವ ಮೊದಲೇ “ಗಿರಿ, ಸಿಕ್ಕಿದ! ನೀಲಿ ಕಣ್ಣು, ಎಡ ಹುಬ್ಬಿನ ಮೇಲೆ ಗಾಯದ ಗುರುತು!” ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಅಲ್ಲಿ ಅವನು ಶಿಕ್ಷೆ ಮುಗಿಸಿ, ಮದುವೆಯಾಗಿ, ಮಕ್ಕಳನ್ನು ಸಾಕಿ, ಕುರಿಗಳ ಹಿಂಡನ್ನೇ ಕಟ್ಟಿದ್ದನಂತೆ. ಅವನ ವಂಶದ ಹೆಂಗಸೊಬ್ಬಳು ಆಫೀಸಿಗೆ ಫೋನ್ ಮಾಡಿದ ದಿನ ಡೆಕ್ಲನ್ ಸರ್ ಹಿಂದಿನ ಸೀಟಿನಲ್ಲಿ ಕುಳಿತು ಮಗುವಿನ ಹಾಗೆ ಅತ್ತರು. ನಾನು ಎ.ಸಿ. ಜೋರು ಮಾಡಿ, ಕನ್ನಡಿಯನ್ನು ಬೇರೆ ಕಡೆಗೆ ತಿರುಗಿಸಿದೆ.

ಕೋಣೆಗೆ ಬಂದು ಇದನ್ನು ಹೇಳಿದರೆ ಶಾಹುಲ್ ಹಮೀದ್ ಖುಬ್ಬೂಸ್ ರೊಟ್ಟಿ ಹರಿಯುತ್ತ, “ಅಲ್ಲ ಮಾರಾಯ, ನೂರೈವತ್ತು ವರ್ಷದ ಹಿಂದಿನ ಕುರಿಕಳ್ಳನಿಗೆ ನಿನ್ನ ಸಾಯ್ಬ ಅಳ್ತಾನೆ. ನಿನ್ನ ಅಣ್ಣ ನಮ್ಮ ಭಾವನ ಅಂಗಡಿ ಎದುರು ದೋಸೆ ಹುಯ್ಯುತ್ತಾ ಇದ್ದಾನೆ, ನಿನಗೆ ಒಂದು ಕಾಗದ ಹಾಕ್ಲಿಕ್ಕೆ ಕೈಯಿಲ್ಲ. ಯಲ್ಲಾ, ಪೆನ್ನು ಹಿಡಿ!” ಎಂದ. ನಾನು ಪೆನ್ನು ಹಿಡಿದೆ. ಆದರೆ ಬರೆದದ್ದು ನಿನಗಲ್ಲ, ದಿನಾ ನಾಲ್ಕು ಸಾಲು ಗೀಚುವ ನನ್ನ ಡೈರಿಯಲ್ಲಿ. ನಿನ್ನ ಮೇಲಿನ ಸಿಟ್ಟನ್ನೇ ಬರೆದೆ.

ನೀನಿಲ್ಲದಾಗ ಮನೆಯಲ್ಲಿ ಏನಾಯಿತೆಂದು ನಿನಗೆ ಯಾರೂ ಹೇಳಿರಲಾರರು. ಕೋಳಿ ಅಂಕದ ಗದ್ದೆಯ ಜಗಳದಲ್ಲಿ ನಿನ್ನ ಕೈಯಿಂದ ಆ ಮನುಷ್ಯ ಸತ್ತ ವರ್ಷ, ನಿನ್ನನ್ನು ಬಳ್ಳಾರಿ ಜೈಲಿಗೆ ಒಯ್ದ ಮೇಲೆ ಬಂದ ಆಟಿಯಲ್ಲಿ, ಅಜ್ಜ ಅಜ್ಜಿಯ ಎಲೆಗಳ ಪಕ್ಕದಲ್ಲಿ ಅಪ್ಪ ಇನ್ನೊಂದು ಎಲೆ ಹಾಕಿ ನಿನ್ನ ಹೆಸರು ಹೇಳಿದರು. ಸತ್ತವರು ಬಂದು ಉಣ್ಣಲಿ ಎಂದು ಬಾಗಿಲು ಹಾಕುವ ಹೊತ್ತಿಗೆ ಅಮ್ಮ ಒಳಗೆ ನುಗ್ಗಿದಳು. “ಬದುಕಿರುವ ಮಗನಿಗೆ ಬಾಗಿಲು ಹಾಕಿ ಅನ್ನ ಇಡ್ತೀರಲ್ಲ, ನಿಮಗೆ ಕೈಯಾದರೂ ಹೇಗೆ ಬಂತು?” ಎಂದು ಆ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿ ಹೊರಗೆ ತಂದು ನನ್ನ ಮುಂದೆ ಇಟ್ಟಳು. “ಉಣ್ಣು” ಎಂದಳು. ನಾನು ಉಂಡೆ. ಅಪ್ಪ ಇರುವಷ್ಟು ಕಾಲ ವರ್ಷ ವರ್ಷವೂ ಅವರು ಹಾಕುವುದು, ಅವಳು ಎತ್ತುವುದು, ನಾನು ಉಣ್ಣುವುದು. ನನ್ನದು ಅಂತ ಒಂದು ಎಲೆ ಆ ದಿನ ನನಗೆ ಇರಲಿಲ್ಲ ದೂಮಣ್ಣಾ. ನಿನ್ನ ಎಲೆ ನನ್ನ ಹೊಟ್ಟೆಗೆ ಹೋಗುವುದನ್ನು ಅವಳು ಎದುರಿಗೆ ಕುಳಿತು ನೋಡುತ್ತಿದ್ದಳು, ನೀನೇ ಉಣ್ಣುತ್ತಿರುವ ಹಾಗೆ.

ಇದನ್ನು ನಾನು ಹೋದ ತಿಂಗಳು ಡೆಕ್ಲನ್ ಸರ್‌ಗೆ ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಮರಳುಗಾಳಿ ಎದ್ದು ರಸ್ತೆ ಕಾಣದೆ ಕಾರನ್ನು ಬದಿಗೆ ನಿಲ್ಲಿಸಿದ್ದೆ. ಅವರು, ತಮ್ಮ ಊರಿನಲ್ಲಿಯೂ ದೂರ ದೇಶಕ್ಕೆ ಹೋಗುವವರಿಗೆ ಹೆಣ ಕಾಯುವಂತೆ ರಾತ್ರಿಯಿಡೀ ಕಾಯುವ ಪದ್ಧತಿ ಇತ್ತು, ಮೈಕಲನ ತಾಯಿ ಬರಿಯ ಮಂಚದ ಮೇಲೆ ಅವನ ಅಂಗಿ ಹಾಸಿ ನೆರೆಕರೆಯವರನ್ನು ಕೂಡಿಸಿಕೊಂಡು ಅತ್ತಳಂತೆ, ಅಜ್ಜಿ ಮಾತ್ರ ಗುಟ್ಟಾಗಿ ಹೇಳುತ್ತಿದ್ದರು ಎಂದರು. ಆಗ ನನ್ನ ಬಾಯಿಗೆ ಬಂತು, ಕೇಳಿಯೇಬಿಟ್ಟೆ. “ಸರ್, ಅವನ ತಮ್ಮ? ಮನೆಯಲ್ಲಿಯೇ ಉಳಿದವನು? ನೀವು ಅವನ ವಂಶದವರಲ್ಲವೇ, ಅವನ ಕಣ್ಣು ಯಾವ ಬಣ್ಣ?” ಅವರು ನನ್ನನ್ನೇ ನೋಡಿದರು. “ಗೊತ್ತಿಲ್ಲ ಗಿರಿ. ಹೆಸರು ಜಾನ್ ಇರಬೇಕು. ಅವನು ಅಲ್ಲೇ ಇದ್ದ, ಬಟಾಟೆ ಅಗೆದ, ತಾಯಿಯನ್ನು ನೋಡಿಕೊಂಡ. ತಪ್ಪೇನೂ ಮಾಡಲಿಲ್ಲವಲ್ಲ, ಅವನ ಬಗ್ಗೆ ಯಾರು ಬರೆದಿಡುತ್ತಾರೆ?” ಎಂದು ನಕ್ಕರು. ಒಳ್ಳೆಯ ಮನುಷ್ಯರು, ನೋಯಿಸಲು ಆಡಿದ ಮಾತಲ್ಲ. ಗಾಳಿ ನಿಂತ ಮೇಲೆ ಅವರನ್ನು ಮನೆಗೆ ಬಿಟ್ಟು, ನಾನು ಕಾರಿನಲ್ಲಿಯೇ ಕುಳಿತುಕೊಂಡೆ. ಆ ಜಾನ್ ಎಷ್ಟು ಎತ್ತರವಿದ್ದ? ತಾಯಿ ರಾತ್ರಿ ಮೈಕಲನಿಗಾಗಿ ಅಳುವಾಗ ಅವನು ಎಲ್ಲಿ ಮಲಗಿರುತ್ತಿದ್ದ? ಆ ಅಂಗಿಯನ್ನು ಆಮೇಲೆ ಅವನಿಗೇ ತೊಡಿಸಿದರೇ? ಅವನ ಹೆಸರನ್ನು ಹೇಳಿಕೊಂಡು ಅಳುವವರು ಯಾವ ದ್ವೀಪದಲ್ಲಿಯೂ ಇಲ್ಲ.

ನಾನು ಅದೇ ಜಾನ್, ಅಣ್ಣಾ. ಮನೆಯ ಹಂಚು ಬದಲಿಸಿದವನು, ಲೀಲಾಕ್ಷಿಯ ಮದುವೆಗೆ ನಿಂತವನು, ಅಮ್ಮನ ಕನ್ನಡಕದ ನಂಬರು ಬಾಯಿಪಾಠ ಇದ್ದವನು. ನೀನು ಮಾಡಿದ ತಪ್ಪಿಗೆ ಶಿಕ್ಷೆ ಮುಗಿಸಿದ್ದೀ, ಅದನ್ನು ಎತ್ತಿ ಆಡುವುದಿಲ್ಲ. ಬಿಡುಗಡೆಯಾದ ಮೇಲೆಯೂ ಮನೆಗೆ ಬರಲಿಲ್ಲ, ಮುಖ ತೋರಿಸಲು ನಾಚಿಕೆ ಎಂದುಕೊಂಡಿರಬೇಕು. ಆದರೆ ಬಾರದವನಾಗಿಯೇ ನೀನು ಅಮ್ಮನನ್ನು ಪೂರ್ತಿ ತೆಗೆದುಕೊಂಡೆ. ಇರುವವನಿಗೆ ಅಷ್ಟು ಸಿಕ್ಕುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲ. ಆ ಒಂದು ಎಲೆ ನನಗೆ ಕೊಡು. ಅಮ್ಮನ ಹೆಸರು ನಾನು ಹೇಳುತ್ತೇನೆ, ನಾನು ಬಡಿಸುತ್ತೇನೆ, ಒಮ್ಮೆಯಾದರೂ ಅವಳು ನನ್ನ ಕೈಯ ಅನ್ನಕ್ಕೆ ಬರಲಿ. ಬೇಡವೆನ್ನಬೇಡ.

ಶಾಹುಲ್ ಹಮೀದ್ ನಿನಗೆ ಸಲಾಂ ಹೇಳಿದ್ದಾನೆ. ಮೈ ಕಡೆ ಗಮನ ಕೊಡು. ದೈವದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ತಮ್ಮ,
ಗಿರಿಯಪ್ಪ

ಮರೆತ ಮಾತು: ಕಾಗದ ಇನ್ನೂ ಅಂಟಿಸಿಲ್ಲ, ಈಗ ಶನಿವಾರ ಬೆಳಿಗ್ಗೆ, ಕಾರಿನ ಬಾನೆಟ್ಟಿನ ಮೇಲಿಟ್ಟು ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಸಂಜೆ ಲೀಲಾಕ್ಷಿಗೆ ಫೋನ್ ಮಾಡಿದ್ದೆ. ಎಲೆಗೆ ಏನೇನು ಮಾಡಿಸಬೇಕು, ಅಮ್ಮನಿಗೆ ಬಂಗುಡೆ ಪ್ರಾಣವಲ್ಲವೇ, ಆಟಿಯಲ್ಲಿ ಹಸಿ ಮೀನು ಸಿಗದಿದ್ದರೆ ಒಣ ಬಂಗುಡೆಯಾದರೂ ತೆಗೆದಿಡು ಎಂದೆ. ಅವಳು, “ಗಿರಿಯಣ್ಣ, ಅಮ್ಮ ಬಂಗುಡೆ ಬಾಯಿಗೆ ಇಡದೆ ಹದಿನೇಳು ವರ್ಷ ಆಯ್ತು. ದೂಮ ಬಂದು ಅವನ ಕೈಯಾರೆ ಬಡಿಸಿದ ದಿನ ತಿಂತೇನೆ ಅಂತ ಹೇಳಿಕೊಂಡಿದ್ದಳು. ನಿನಗೆ ಹೇಳಬೇಡ ಅಂದಿದ್ದಳು, ನೀನು ಬೇಜಾರು ಮಾಡ್ಕೊಳ್ತೀ ಅಂತ” ಎಂದಳು. ನಾನು ರಜೆಗೆ ಹೋದಾಗಲೆಲ್ಲ ಕಾಯಿಸಿದ ಬಂಗುಡೆಯನ್ನು ನನ್ನ ಬಟ್ಟಲಿಗೆ ಹಾಕಿ, ನೀನು ಉಣ್ಣು, ನಾನು ಆಮೇಲೆ ಎನ್ನುತ್ತಿದ್ದಳು. ನಾನು ನಂಬುತ್ತಿದ್ದೆ.

ಮೇಲೆ ಕೇಳಿದ್ದನ್ನೆಲ್ಲ ಬಿಟ್ಟುಬಿಡು. ಜುಲೈ ಹದಿನೆಂಟಕ್ಕೆ ನನ್ನ ವಿಮಾನ ಬೊಂಬಾಯಿಗೆ ಇಳಿಯುತ್ತದೆ. ನೇರ ನಿನ್ನ ಹೋಟೆಲಿಗೆ ಬರುತ್ತೇನೆ. ಸಟ್ಟುಗವನ್ನು ಯಾರ ಕೈಯಲ್ಲಾದರೂ ಕೊಟ್ಟು ನನ್ನ ಜೊತೆ ಬಸ್ಸು ಹತ್ತು. ಹೊಟ್ಟೆಕಿಚ್ಚು ಹೋಗಿದೆ ಎಂದು ತಿಳಿಯಬೇಡ, ನಿನ್ನೆಯಿಂದ ಇನ್ನೂ ಹೆಚ್ಚಾಗಿದೆ. ಆದರೂ ನೀನು ಬರಲೇಬೇಕು. ನಾನು ಬಡಿಸಿದರೆ ಅವಳು ಮುಟ್ಟುವುದಿಲ್ಲ.