ಪೋಸ್ಟರಿನ ಅಡಿಯ ಚೀಟಿ

ಹಂದನಕೆರೆ
ಬುಧವಾರ

ಮಾಯಸಂದ್ರದ ಅಂಗಡಿ ಪರಮೇಶಪ್ಪನವರ ಮಗ ರವೀಂದ್ರನಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ಶನಿವಾರ ತಿಪಟೂರಿನ ಕಲ್ಯಾಣಮಂಟಪದಲ್ಲಿ, ನಿನ್ನ ಪ್ರದರ್ಶನದಲ್ಲಿ, ನಿನ್ನನ್ನು ನೋಡಿದೆನಲ್ಲ, ಹೆಗಲ ಮೇಲೆ ಶಾಲು, ಕೊರಳಲ್ಲಿ ಹಾರ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳೋರ ಸಾಲು. ಚೆನ್ನಾಗೇ ಇದ್ದೀಯ. ನಾನು ಚೆನ್ನಾಗಿಲ್ಲ. ಅವತ್ತಿನಿಂದ ಅನ್ನ ಸೇರುತ್ತಿಲ್ಲ, ಸಿಟ್ಟು ಇಳಿಯುತ್ತಿಲ್ಲ. ಎದುರಿಗೇ ಬಂದು ಬಯ್ಯೋಣವೆಂದರೆ ನಿನ್ನ ಮುಖ ನೋಡಿ ಎಲ್ಲಿ ಅತ್ತುಬಿಡುತ್ತೇನೋ ಅನ್ನುವ ಹೆದರಿಕೆ. ನಿನ್ನೆದುರು ಅಳುವ ಗ್ರಹಚಾರ ನನಗೆ ಬೇಡ. ಅದಕ್ಕೇ ಈ ಕಾಗದ.

ಯುಗಾದಿಗೆ ಮುಂಚೆ ನಮ್ಮಣ್ಣ ಮಾಯಸಂದ್ರದ ಮನೆಯ ಕೊಬ್ಬರಿ ಅಟ್ಟ ಬಿಚ್ಚಿಸಿದಾಗ ನಮ್ಮಪ್ಪ ಕಟ್ಟಿಟ್ಟಿದ್ದ ಸಿನಿಮಾ ಪೋಸ್ಟರಿನ ಸುರುಳಿಗಳು ಸಿಕ್ಕವು. ನಲವತ್ತೊಂದು ಪೋಸ್ಟರು. ನಿನಗೆ ಫೋನ್ ಮಾಡಿದವಳು ನಾನೇ. ಹಳೇ ಪೋಸ್ಟರು, ಹಾಡಿನ ಪುಸ್ತಕ, ಇಂಟರ್‌ವಲ್ಲಿನಲ್ಲಿ ಬಿಡುತ್ತಿದ್ದ ಗಾಜಿನ ಸ್ಲೈಡು ಅಂತ ಊರೂರು ಅಲೆದು ಕೂಡಿಡುವವನು ನೀನು, ಅದೂ ನಮ್ಮೂರಿನವನು, ನನ್ನ ಜೊತೆ ಒಂದೇ ಕ್ಲಾಸಿನಲ್ಲಿ ಓದಿದವನು. ಬಂದು ನೋಡಿ ಕಣ್ಣರಳಿಸಿದೆ. "ಹೊಗೆ ಹಿಡಿದದೆ ಗಂಗಿ, ಸರಿಮಾಡಿ ನಿಮ್ಮಪ್ಪನ ಹೆಸರಲ್ಲೇ ಪ್ರದರ್ಶನ ಇಡ್ತೀನಿ ಕಣೇ" ಅಂದೆ. ನಾನು ಹೋಳಿಗೆ ಬಡಿಸಿ, ಸುರುಳಿಗಳನ್ನು ನಿನ್ನ ಕೈಗಿಟ್ಟು ಕಳಿಸಿದೆ. ನನ್ನ ಬುದ್ಧಿಗಿಷ್ಟು!

ಹೊಗೆ ಹಿಡಿಯದೆ ಇನ್ನೇನಾಗುತ್ತದೆ? ನಮ್ಮಪ್ಪನಿಗೆ ಗೊತ್ತಿದ್ದ ಭದ್ರವಾದ ಜಾಗ ಅದೊಂದೇ. ಹನ್ನೊಂದು ತಿಂಗಳು ಕಾಯಿ ಅಟ್ಟದ ಮೇಲೆ ಮಲಗಿರುತ್ತದೆ, ಕೆಳಗೆ ಆಗಾಗ ಹೊಗೆ ಹಾಕುತ್ತಾರೆ, ಒಳಗಿನ ನೀರು ಇಂಗಿ ಕೊಬ್ಬರಿ ಉಂಡೆಯಾಗುತ್ತದೆ. "ಕಾಯಿಗೆ ಆಗಿಬರೋ ಜಾಗ ಕಾಗದಕ್ಕೆ ಆಗಲ್ವೇ?" ಅಂತ ಪೋಸ್ಟರುಗಳನ್ನೂ ಅಲ್ಲೇ ಮಲಗಿಸಿದ. ಹುಚ್ಚಣ್ಣ ಅಂತ ಹೆಸರಿಟ್ಟುಕೊಂಡದ್ದಕ್ಕೂ ಸರಿಹೋಯ್ತು ಅಂತ ಅಮ್ಮ ನಗುತ್ತಿದ್ದಳು. ಕಾಗದವೆಲ್ಲ ಕಂದಾಗಿ, ಕೆಟ್ಟ ಕಾಯಿ ಸೋರಿದ ಕಡೆ ಕಲೆಯೂ ಆಯಿತು, ನಿಜ. ಆದರೆ ಐವತ್ತು ವರ್ಷ ಒಂದು ಗೆದ್ದಲು ಮುಟ್ಟಲಿಲ್ಲ. ನಿನ್ನ ಕೈಗೆ ಬರುವವರೆಗೂ ಅವು ಇದ್ದ ಹಾಗೇ ಇದ್ದವು.

ಆ ಪೋಸ್ಟರುಗಳು ನಮ್ಮಪ್ಪನಿಗೆ ಹೇಗೆ ಉಳಿದವು ಅಂತ ನಿನಗೆ ನಾನು ಹೇಳಬೇಕೇನೋ? ಬೆಂಗಳೂರಿನಿಂದ ಬಸ್ಸಿನ ಟಾಪಿನ ಮೇಲೆ ಸುರುಳಿ ಬರುತ್ತಿತ್ತು. ಮೇಲೆ ನಾಯಕ, ನಾಯಕಿ, ಗದೆ ಹಿಡಿದ ಭೀಮ, ಎಲ್ಲ ಬಣ್ಣ. ಅಡಿಯಲ್ಲಿ ಒಂದು ಗೇಣು ಬಿಳಿ ಜಾಗ. ಯಾವ ಊರು, ಯಾವ ಟಾಕೀಸು, ಯಾವತ್ತಿನಿಂದ ಅಂತ ಆಯಾ ಊರಿನವರು ಬರೆದುಕೊಳ್ಳಲಿ ಅಂತ ಬಿಟ್ಟದ್ದು. ನಮ್ಮೂರಿನ ಟೂರಿಂಗ್ ಟಾಕೀಸಿನಲ್ಲಿ ಅದನ್ನು ಬರೆಯುತ್ತಿದ್ದವನು ನಮ್ಮಪ್ಪ. ಹಳದಿ ಕಾಗದದ ಚೀಟಿಯ ಮೇಲೆ ಕೆಂಪು ಬಣ್ಣದಲ್ಲಿ ಬರೆದು, ಮೈದಾ ಅಂಟು ಕಾಯಿಸಿ, ತೆಂಗಿನ ನಾರಿನ ಬ್ರಷ್ಷಿನಲ್ಲಿ ಸವರಿ ಆ ಬಿಳಿ ಜಾಗಕ್ಕೆ ಅಂಟಿಸುತ್ತಿದ್ದ. ಗೋಡೆಗೆ ಹೋದವು ಮಳೆಗೆ ಹೋದವು. ಗೇಟಿನ ಹಲಗೆಗೆ ತೂಗುಹಾಕಿದ ಒಂದನ್ನು ಮಾತ್ರ, ಸಿನಿಮಾ ಬದಲಾದಾಗ ಬಿಚ್ಚಿ ಮನೆಗೆ ತರುತ್ತಿದ್ದ.

ಅವನಿಗೆ ಓದು ಬರುತ್ತಿರಲಿಲ್ಲ ರವೀಂದ್ರ. ಅದೂ ನಿನಗೆ ಗೊತ್ತು. ಟಿಕೆಟ್ಟಿಲ್ಲದೆ ಟೆಂಟಿನ ಅಡಿ ನುಸುಳಿದ ನಿನ್ನ ಕಿವಿಯನ್ನು ಗೇಟಿನ ವೆಂಕಟಯ್ಯ ಹಿಂಡುತ್ತಿದ್ದಾಗ, "ಬುಡಯ್ಯ, ನಮ್ಮ ಹುಡುಗ ಕಣಯ್ಯ" ಅಂತ ಬಿಡಿಸಿದ್ದು ಯಾರು? ಮಾರನೇ ದಿನ ನಮ್ಮ ಜಗಲಿಯ ಮೇಲೆ ಕೂರಿಸಿಕೊಂಡು, "ನಿನ್ನ ಅಕ್ಸರ ಗುಂಡಗೆ ಅದೆ, ಮಾಯಸಂದ್ರ ಅಂತ ಬರಿ ನೋಡಾನ" ಅಂದದ್ದು ಯಾರಿಗೆ? ನೀನು ಸ್ಲೇಟಿನ ಮೇಲೆ ಬರೆದೆ. ಅವನು ಅದನ್ನು ನೋಡಿ ನೋಡಿ ಬಿಡಿಸಿದ, ರಂಗೋಲಿ ಬಿಡಿಸಿದ ಹಾಗೆ. ಆಮೇಲೆ "ಇಂದಿನಿಂದ". ಆಮೇಲೆ "ಸಂತೆ ದಿನ ಮೂರು ಆಟ". ಇಷ್ಟೇ ಅವನ ವಿದ್ಯೆ. ಬದುಕಿರುವತನಕ ರೇಷನ್ ಕಾರ್ಡಿಗೂ ಹೆಬ್ಬೆಟ್ಟೇ ಒತ್ತಿದ, ಸಹಿ ಮಾಡಲು ತನಗೆ ಬರುವುದಿಲ್ಲ ಅಂತಲೇ ನಂಬಿದ್ದ. ಒಂದು ಫೋಟೊ ತೆಗೆಸಿಕೊಂಡವನಲ್ಲ. ನಲವತ್ತೊಂದು ಸಿನಿಮಾದವರ ಮುಖ ಅಟ್ಟದ ಮೇಲೆ ಜೋಪಾನ ಮಾಡಿದವನ ಮುಖ ಎಲ್ಲೂ ಉಳಿದಿಲ್ಲ. ಉಳಿದದ್ದು ಆ ಅಡಿಯ ಚೀಟಿಗಳು ಮಾತ್ರ.

ಶನಿವಾರ ನಾನು ಮೊಮ್ಮಗಳು ಕೃತಿಕಾಳನ್ನು ಕರೆದುಕೊಂಡು ಬಂದದ್ದು ಆ ಚೀಟಿಗಳನ್ನು ತೋರಿಸಲಿಕ್ಕೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಹೇಳಿದ್ದೆ, ನಿನ್ನ ಮುತ್ತಜ್ಜ ಬರೆದದ್ದು ಗಾಜಿನೊಳಗೆ ಇಟ್ಟಿದ್ದಾರೆ ಅಂತ. ಮಗು ಹೊಸ ಲಂಗ ಹಾಕಿಕೊಂಡು ಬಂದಿತ್ತು. ಒಳಗೆ ಬಂದರೆ ನಲವತ್ತೊಂದು ಪೋಸ್ಟರೂ ಈಗ ತಾನೇ ಪ್ರೆಸ್ಸಿನಿಂದ ಬಂದ ಹಾಗೆ ಫಳಫಳ. ಅಡಿಯಲ್ಲಿ ಬಿಳಿ. ಬರೀ ಬಿಳಿ. ಒಂದೊಂದರ ಪಕ್ಕದಲ್ಲೂ "ಸಂಗ್ರಹ: ರವೀಂದ್ರ" ಅಂತ ಅಚ್ಚುಕಟ್ಟಾದ ಕಾರ್ಡು. ಕೃತಿಕಾ ಸಾಲಿನ ಈ ತುದಿಯಿಂದ ಆ ತುದಿಗೆ ಎರಡು ಸಲ ಓಡಾಡಿ ಬಂದು, "ಅಜ್ಜಿ, ಮುತ್ತಜ್ಜ ಬರೆದಿದ್ದು ಯಾವುದು?" ಅಂದಳು.

ನಿನ್ನನ್ನು ಬಂದು ಕೇಳಿದೆ. ನೀನು ನಕ್ಕೆ. "ಆ ಹಳದಿ ಚೀಟಿಗಳಾ? ನೀರಲ್ಲಿ ನೆನೆ ಹಾಕಿದಾಗ ಬಿಟ್ಕೊಂಡ್ವು ಕಣೇ, ಬಿಸಾಕ್ದೆ. ಅವಿದ್ರೆ ಪೋಸ್ಟರ್ ಗಲೀಜು, ಸಂಗ್ರಹಕಾರರು ಯಾರೂ ಮೂಸಲ್ಲ." ಅಷ್ಟು ಜನರ ಮುಂದೆ. ಗಲೀಜಂತೆ! ನಿನ್ನ ಗುಂಡಗಿನ ಅಕ್ಷರ ನೋಡಿ ಕಲಿತ ಕೈಯದು ಕಣೋ. ಯಾರ ಬರಹ ಅಂತ ಗೊತ್ತಿಲ್ಲದ ಪರಊರಿನವನು ಕಿತ್ತುಹಾಕಿದ್ದರೆ ಹಾಳಾಗಿಹೋಗಲಿ ಅಂತ ಸುಮ್ಮನಾಗುತ್ತಿದ್ದೆ. ನೀನು ಗೊತ್ತಿದ್ದೂ ಕಿತ್ತೆ. ಬಚ್ಚಲಲ್ಲಿ ನೀರಿನ ಜೊತೆ ಬಿಟ್ಟೆಯೋ, ಕಸದ ಗಾಡಿಗೆ ಹಾಕಿದೆಯೋ? ಒಂದನ್ನಾದರೂ ಇವಳಿಗೆ ಕೊಡೋಣ ಅಂತ ಅನ್ನಿಸಲಿಲ್ಲವೇ ನಿನಗೆ? ಹೊಟ್ಟೆ ಉರಿಯುತ್ತದೆ ಕಣೋ, ನೆನೆಸಿಕೊಂಡರೆ ಈಗಲೂ ಉರಿಯುತ್ತದೆ.

ಇಷ್ಟಾದ ಮೇಲೂ ಸೋಮವಾರ ಏನೂ ಆಗದವನ ಹಾಗೆ ಫೋನ್ ಮಾಡಿದೆ. ನನ್ನ ಮದುವೆಯಲ್ಲಿ ಅಪ್ಪ ಕೊಟ್ಟ ಟ್ರಂಕಿನ ಮುಚ್ಚಳದ ಒಳಗೆ ನಲವತ್ತೆರಡನೆಯದನ್ನು ಅಂಟಿಸಿದ್ದಾನೆ ಅಂತ ಅವತ್ತು ಹೋಳಿಗೆ ಬಡಿಸುವಾಗ ನಾನೇ ಬಾಯಿ ಬಿಟ್ಟಿದ್ದೆನಲ್ಲ, ಅದು ಬೇಕು ನಿನಗೆ. ದೇಶದಲ್ಲೇ ಇನ್ನೊಂದು ಪ್ರತಿ ಇಲ್ಲವಂತೆ, ಮದ್ರಾಸಿನವರು ಯಾರೋ ಕಾಯುತ್ತಿದ್ದಾರಂತೆ. "ಅಡಿಯ ಚೀಟಿ ನೀನು ಮುಟ್ಟಬೇಡ ಗಂಗಿ, ಹರಿದುಬಿಡ್ತೀಯ, ನಾನೇ ನಾಜೂಕಾಗಿ ಕೀಳ್ತೀನಿ" ಅಂತ ಬುದ್ಧಿ ಬೇರೆ ಹೇಳಿದೆ.

ಬೇಡಪ್ಪ, ನಿನಗೆ ಆ ತೊಂದರೆ ಬೇಡ. ನಿನ್ನೆ ಮಧ್ಯಾಹ್ನ ನಾನೇ ಕಿತ್ತೆ. ಆಟ ಒಂದು ವಾರ ಮುಂದಕ್ಕೆ ಹೋದಾಗ ಅಪ್ಪ ಗೇಟಿನ ಪೋಸ್ಟರಿನ ಚೀಟಿ ಬದಲಾಯಿಸುವುದನ್ನು ಎಷ್ಟು ಸಲ ನೋಡಿಲ್ಲ ನಾನು? ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ, ಹಿಂಡಿ, ಮೇಲೆ ಹಾಸಿ ಕಾಯಬೇಕು. ಅವಸರ ಮಾಡಬಾರದು. ಚೀಟಿ ಮೂಲೆಯಿಂದ ತಾನಾಗೇ ಎದ್ದು ಬಂತು. "ಮಾಯಸಂದ್ರ, ಇಂದಿನಿಂದ, ಸಂತೆ ದಿನ ಮೂರು ಆಟ." ಕೃತಿಕಾ ಬೆರಳಿಟ್ಟು ಓದಿದಳು. ಈಗ ಅದು ಕಟ್ಟು ಹಾಕಿಸಿಕೊಂಡು ನಮ್ಮ ನಡುಮನೆಯ ಗೋಡೆಯ ಮೇಲಿದೆ, ಸತ್ತವರ ಫೋಟೊ ಹಾಕುವ ಸಾಲಿನಲ್ಲಿ. ಮೊಳ ಹೂವೂ ಹಾಕಿದ್ದೇನೆ.

ಮುಚ್ಚಳದಿಂದ ಪೋಸ್ಟರನ್ನೂ ಹಾಗೇ ಬಿಡಿಸಿದೆ. ಅದನ್ನು ಈ ಕಾಗದದ ಜೊತೆಯಲ್ಲೇ ಬಸ್ಸಿನ ರಾಜಣ್ಣನ ಕೈಲಿ ಕಳಿಸಿದ್ದೇನೆ. ಎಲ್ಲೂ ಹರಿದಿಲ್ಲ, ನಾಯಕಿಯ ಮೂಗುತಿಯ ಬಣ್ಣ ಕೂಡ ಹೋಗಿಲ್ಲ. ಆದರೆ ಅಡಿಯ ಜಾಗ ಖಾಲಿ ಇಡಲು ಮನಸ್ಸಾಗಲಿಲ್ಲ. ಕೊಬ್ಬರಿ ಚೀಲದ ಮೇಲೆ ಹೆಸರು ಬರೆಯುವ ಕಪ್ಪು ಶಾಯಿ ಮನೆಯಲ್ಲಿತ್ತು. ಚೀಟಿ ಗೀಟಿ ಏನಿಲ್ಲ, ಪೋಸ್ಟರಿನ ಮೇಲೆಯೇ, ಬೆರಳು ದಪ್ಪದ ಅಕ್ಷರದಲ್ಲಿ ಬರೆದಿದ್ದೇನೆ: "ಇದನ್ನು ಕಾಪಾಡಿದವರು ಹುಚ್ಚಣ್ಣ, ಮಾಯಸಂದ್ರ."

ನೆನೆ ಹಾಕಿ ನೋಡು. ಮೂರು ಮಳೆಗಾಲಕ್ಕೂ ಹೋಗುವ ಶಾಯಿಯಲ್ಲ ಅದು. ಮದ್ರಾಸಿನವರು ಇದೇನು ಅಂತ ಕೇಳಿದರೆ, ಜಾಗ ಬಿಟ್ಟಿರುವುದೇ ಊರಿನವರು ಬರೆಯಲಿಕ್ಕೆ ಅಂತ ಹೇಳು.

ಇನ್ನು ಮೇಲೆ ನನ್ನನ್ನು ಗಂಗಿ ಅನ್ನಬೇಡ. ದೇವರು ನಿನ್ನ ಕಣ್ಣು ಚೆನ್ನಾಗಿಟ್ಟಿರಲಿ, ಇರುವತನಕ ಅದನ್ನು ಓದುತ್ತಿರು.

ಹುಚ್ಚಣ್ಣನ ಮಗಳು
ಸಿದ್ಧಗಂಗಮ್ಮ