ಸಮ್ಯಕ್ ಲೋಟದಲ್ಲಿ ಕುಡಿಯಲು ಕಲಿತದ್ದು

ಹಗರೆ
23 ನವೆಂಬರ್ 2025, ಭಾನುವಾರ

ಪ್ರೀತಿಯ ಸಂತೋಷ್ ಅವರಿಗೆ, ನಿಮ್ಮ ರಮಾಳ ಜೈ ಭೀಮ್.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ಕಾಗದ ಬಂದು ಬಹಳ ದಿನವಾದರೂ ಉತ್ತರ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಬರೆಯಲು ಕೂತಾಗೊಮ್ಮೆ ನಿಮ್ಮ ಮಗ ಹಾಳೆಯನ್ನೇ ಬಾಯಿಗೆ ಹಾಕಿಕೊಂಡ. ಇನ್ನೊಮ್ಮೆ ನನಗೇ ಎಲ್ಲಿಂದ ಶುರು ಮಾಡಬೇಕೆಂದು ತೋಚಲಿಲ್ಲ.

ಆಪರೇಷನ್ ಆಯಿತು, ಮಗು ಹುಷಾರಾಗಿದೆ ಎಂದು ಮಾವ ಹೇಳುವಷ್ಟರಲ್ಲಿ ಫೋನ್ ಕಡಿದುಹೋಯಿತು. ಆ ಹಿಮದ ಗಡಿ ಠಾಣೆಯಲ್ಲಿ ಅಷ್ಟೇ ಮಾತು ಇಟ್ಟುಕೊಂಡು ಹೇಗಿದ್ದಿರೋ ಏನೋ. ನೀವು ಫೋನ್ ಮಾಡಿದಾಗಲೆಲ್ಲ ಸ್ಪೀಕರ್ ಹಾಕಿ ಮೂವರೂ ಮುತ್ತಿಕೊಳ್ಳುತ್ತೇವೆ. ಕೆಲವು ಸಂಗತಿಗಳನ್ನು ಹಾಗೆ ಹೇಳಲಾಗುವುದಿಲ್ಲ. ಅದಕ್ಕೇ ಈ ಕಾಗದ.

ನೀವು ರಜೆ ಮುಗಿಸಿ ಹೊರಟಾಗ ಸಮ್ಯಕ್ ಆ ಮೆತ್ತನೆಯ ಬಾಟಲಿಯಲ್ಲಿ ಕುಡಿಯುವುದಕ್ಕೆ ಚೆನ್ನಾಗಿ ಒಗ್ಗಿಕೊಂಡಿದ್ದ. ಅಂಗುಳ ಸೀಳಿರುವ ಮಗು ಮೊಲೆ ಚೀಪಲಾರದು ಎಂದು ಹೆರಿಗೆಯಾದ ದಿನವೇ ಹೇಳಿದ್ದರಲ್ಲ. ಎದೆಹಾಲು ಹಿಂಡಿ ಆ ಬಾಟಲಿಗೆ ತುಂಬುವಾಗ ನನಗೆ ಎಷ್ಟು ಅಳು ಬರುತ್ತಿತ್ತು ಎಂದು ನಿಮಗೆ ಗೊತ್ತು. ಕೊನೆಗೆ ನನಗೂ ಅವನಿಗೂ ಅದೇ ಆಸರೆಯಾಗಿಬಿಟ್ಟಿತ್ತು. ಹೀಗಿರುವಾಗ ಮೈಸೂರಿನ ಡಾಕ್ಟರ್ ಅರುಣಾ ಅದನ್ನೇ ಬಿಡಿಸಬೇಕು ಎಂದರು.

“ಆಪರೇಷನ್ ಆದ್ಮೇಲೆ ಬಾಟ್ಲು ಕೊಡೋ ಹಾಗಿಲ್ಲಮ್ಮ. ನಿಪ್ಪಲ್ ತಗುಲಿದ್ರೆ ಹೊಲಿಗೆ ಬಿಟ್ಟುಕೊಳ್ಳಬಹುದು. ಅಷ್ಟರೊಳಗೆ ಲೋಟದಲ್ಲಿ ಕುಡಿಯೋದು ಕಲಿಸಿ. ಕಲೀಲಿಲ್ಲ ಅಂದ್ರೆ ಆಪರೇಷನ್ ಮುಂದಕ್ಕೆ ಹಾಕಬೇಕಾಗುತ್ತೆ,” ಎಂದರು. ನರ್ಸ್ ಒಂದು ಪುಟ್ಟ ಲೋಟ ಹಿಡಿದು ಮಾಡಿ ತೋರಿಸಿದರು. ಮಗುವನ್ನು ನೆಟ್ಟಗೆ ಕೂರಿಸಿಕೊಳ್ಳಬೇಕು. ಲೋಟದ ಅಂಚನ್ನು ಕೆಳತುಟಿಗೆ ತಾಗಿಸಿ, ಹಾಲು ತುಟಿಯವರೆಗೆ ಬರುವಷ್ಟು ಬಗ್ಗಿಸಿ ಸುಮ್ಮನಿರಬೇಕು. ನಾವು ಹೊಯ್ಯಬಾರದು, ಮಗುವೇ ಎಳೆದುಕೊಳ್ಳಬೇಕು. ಕೇಳುವುದಕ್ಕೆ ಇಷ್ಟೇ.

ಮನೆಗೆ ಬಂದು ಮೊದಲ ದಿನ ಪ್ರಯತ್ನಿಸಿದಾಗ ನಿಮ್ಮ ಮಗ ಲೋಟವನ್ನು ಗೋಡೆಗೆ ಎಸೆದ. ಮರುದಿನ ಹಾಲಿನಲ್ಲಿ ಕೈಯದ್ದಿ ನನ್ನ ತಲೆಗೆ ಸವರಿದ. ಮೂರನೇ ಮನುಷ್ಯರಾಗಿ ನೋಡಿದ್ದರೆ ನಗುತ್ತಿದ್ದಿರಿ. ಆದರೆ ಕುಡಿದ ಗುಟುಕೂ ಮೂಗಿನಿಂದ ಹೊರಬಂದು, ಅವನು ಕೆಮ್ಮಿ ಕೆಂಪಾಗಿ ನನ್ನನ್ನೇ ನೋಡುವಾಗ ಯಾಕಪ್ಪಾ ಈ ಹಿಂಸೆ ಎನಿಸುತ್ತಿತ್ತು. ಸೆರಗು, ಚಾಪೆ, ಎಲ್ಲ ಹಾಲಿನದೇ ವಾಸನೆ. ಅವನ ಹಸಿವಿಗೆ ಸೋತು ಮತ್ತೆ ಬಾಟಲಿ ಕೊಡುತ್ತಿದ್ದೆ.

ಮಾವ ಒಂದು ಉಪಾಯ ಮಾಡಿದರು. “ಹಸು ಕರಕ್ಕೆ ಬಕೀಟ್ನಾಗೆ ಹಾಲು ಕುಡಿಯೋದು ಕಲ್ಸೋವಾಗ ಬೆಳ್ಳು ಅದ್ದಿ ಬಾಯಿಗೆ ಕೊಡ್ತೀವಿ, ಆಮೇಲೆ ಬೆಳ್ಳ ಮೆಲ್ಲಗೆ ಹಾಲಿಗೆ ಇಳಿಸ್ತೀವಿ. ಅದೇ ಲೆಕ್ಕ ಕಣಮ್ಮ,” ಎಂದು ಕೈ ತೊಳೆದು ಬಂದು ಕೂತರು. ಸಮ್ಯಕ್ ಬಹಳ ಗಂಭೀರವಾಗಿ ಅವರ ಬೆರಳನ್ನು ಬಾಯಿಗೆ ತೆಗೆದುಕೊಂಡು, ಹೊಸದಾಗಿ ಬಂದ ಎರಡು ಹಲ್ಲಿನಿಂದ ಕಚ್ಚಿ ಹಿಡಿದ. “ಕರ ಕಚ್ತಿರ್ಲಿಲ್ಲ,” ಎನ್ನುತ್ತಾ ಮಾವ ಎದ್ದು ಡೈರಿಗೆ ಹೊರಟರು.

ನನಗೆ ನೋವಾಗಿದ್ದು ನಿಮ್ಮ ಅವ್ವನ ವಿಷಯದಲ್ಲಿ. ಬಾಣಂತನದಲ್ಲಿ ನನ್ನನ್ನು ಅಷ್ಟು ಚೆನ್ನಾಗಿ ನೋಡಿಕೊಂಡವರು, ಮಗುವಿಗೆ ನೀರು ಹಾಕಿ, ತಟ್ಟಿ ಮಲಗಿಸಿ, ಬೆನ್ನಿಗೇ ಅಂಟಿಸಿಕೊಂಡು ತಿರುಗುವವರು, ನಾನು ಲೋಟ ಹಿಡಿದ ಕೂಡಲೇ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದರು. ಕೆಮ್ಮಿನ ಸದ್ದು ಕೇಳಿದರೆ ಇನ್ನೂ ದೂರ, ಹಿತ್ತಲಿಗೆ. ಒಂದು ದಿನ ಪಕ್ಕದ ಮನೆ ಮಾರಮ್ಮ ಬಂದು, “ಬಸ್ರೀಲಿ ಗ್ರಹಣದ ದಿನ ಏನಾರ ಕುಯ್ದಿದ್ದೇನವ್ವ?” ಎಂದು ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಮಾವ ಮಾತ್ರ ಶಾಂತವಾಗಿ, “ಆವತ್ತು ಹಗರೇಲಿ ಯಾರೂ ಸೊಪ್ಪು ಕುಯ್ಲಿಲ್ವ ಮಾರಮ್ಮ? ಎಲ್ರ ಮನೇಲೂ ಹಿಂಗೇ ಹುಟ್ಟಬೇಕಿತ್ತಲ್ಲ,” ಎಂದರು. ಮಾರಮ್ಮ ಎದ್ದು ಹೋದರು. ಅತ್ತೆ ಮಾತ್ರ ಒಂದು ಮಾತೂ ಆಡಲಿಲ್ಲ. ಅವರೂ ಹಾಗೇ ಅಂದುಕೊಂಡಿದ್ದಾರೆಯೇ ಎಂದು ನನಗೆ ಅನುಮಾನ ಬಂತು.

ಒಳಗಿಟ್ಟುಕೊಂಡು ಕೊರಗುವವಳಲ್ಲ ನಾನು. ಮಾರನೆಯ ದಿನ ಬೆಳಿಗ್ಗೆ ಕೇಳಿಯೇಬಿಟ್ಟೆ. “ಅತ್ತೆ, ನಾನು ಕುಡಿಸೋವಾಗ ನೀವ್ಯಾಕೆ ಎದ್ದು ಹೋಗ್ತೀರಿ? ಮಗು ಮೂಗಲ್ಲಿ ಹಾಲು ಬರೋದು ನೋಡಿ ಅಸಹ್ಯ ಆಗುತ್ತಾ?”

ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಕೈ ನಿಂತಿತು. “ಹಂಗನ್ನಬ್ಯಾಡ ಕಣವ್ವ. ನಂಗೆ ನೋಡಕ್ಕಾಗಲ್ಲ, ಅಷ್ಟೇಯ,” ಎಂದರು. ಮುಂದೆ ಕೇಳಬಾರದು ಎನ್ನುವಂತೆ ಇತ್ತು ಅವರ ಮುಖ. ಆದರೆ ಅದೇ ಹಿಟ್ಟಿನಲ್ಲಿ ತೆಳ್ಳಗೆ ಗಂಜಿ ಕಾಯಿಸಿ, ಆರಿಸಿ, ಏನೂ ಹೇಳದೆ ನನ್ನ ಪಕ್ಕ ಇಟ್ಟು ಹೋದರು. ಹಾಲಿಗಿಂತ ಸ್ವಲ್ಪ ಮಂದವಾಗಿದ್ದ ಅದು ಮೂಗಿಗೆ ಅಷ್ಟಾಗಿ ಏರಲಿಲ್ಲ. ಸಮ್ಯಕ್ ಲೋಟದ ಅಂಚನ್ನು ನೆಕ್ಕಿ ನೋಡಿದ. ಅಂದಿನಿಂದ ಮಧ್ಯಾಹ್ನದ ಬಾಟಲಿಯ ಬದಲು ಲೋಟ ಎಂದು ಗಟ್ಟಿ ಮನಸ್ಸು ಮಾಡಿದೆ. ಕೆಲವು ದಿನ ಕುಡಿಯುತ್ತಿದ್ದ, ಕೆಲವು ದಿನ ಎಲ್ಲವನ್ನೂ ಚೆಲ್ಲುತ್ತಿದ್ದ.

ಇಷ್ಟರಲ್ಲಿ ಬೇಲೂರಿನ ಆ ದಿನ ಬಂತು. ಆಪರೇಷನ್‌ಗೆ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕಿತ್ತು. ಅತ್ತೆಯೂ ನಾನೂ ಮಗುವನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದೆವು. ಬೇಲೂರಿನಲ್ಲಿ ಇಳಿಯುವ ಗಡಿಬಿಡಿಯಲ್ಲಿ ಬಾಟಲಿ, ಬಟ್ಟೆ ಇದ್ದ ಚೀಲ ಸೀಟಿನ ಮೇಲೇ ಉಳಿಯಿತು. ನೆನಪಾಗುವ ಹೊತ್ತಿಗೆ ಬಸ್ಸು ಚಿಕ್ಕಮಗಳೂರಿನ ಕಡೆ ತಿರುಗಿತ್ತು. ಅಷ್ಟು ಹೊತ್ತಿಗೆ ಸಮ್ಯಕ್ ಹಸಿದು ಕಿರುಚಲು ಶುರು ಮಾಡಿದ್ದ. ಮಗುವನ್ನು ಅತ್ತೆಯ ಕೈಗೆ ಕೊಟ್ಟು ಸ್ಟ್ಯಾಂಡಿನ ಆಫೀಸಿಗೆ ಓಡಿದೆ. ಅವರು ಕಂಡಕ್ಟರಿಗೆ ಫೋನ್ ಮಾಡಿದರೆ ಸಿಗಲಿಲ್ಲ, ಮತ್ತೆ ಮಾಡಿದರು, ಕಾಯಿರಿ ಎಂದರು. ಹೊರಗೆ ಅವನ ಅಳು ಕೇಳುತ್ತಲೇ ಇತ್ತು. ಆಮೇಲೆ ಇದ್ದಕ್ಕಿದ್ದಂತೆ ನಿಂತಿತು.

ಹೊರಗೆ ಬಂದು ನೋಡಿದರೆ ಇಬ್ಬರೂ ಇಲ್ಲ. ಎದುರಿನ ಹೋಟೆಲಿನ ಒಳಗೆ ಅತ್ತೆಯ ಹಸಿರು ಸೀರೆ ಕಂಡಿತು.

ಬೆಂಚಿನ ಮೇಲೆ ಕೂತಿದ್ದರು. ಸಮ್ಯಕ್ ಅವರ ತೊಡೆಯ ಮೇಲೆ ನೆಟ್ಟಗೆ ಕೂತಿದ್ದ, ಬೆನ್ನು ಅವರ ಎದೆಗೆ ಒರಗಿತ್ತು. ಅತ್ತೆಯ ಕೈಯಲ್ಲಿ ಕಾಫಿ ಕೊಡುವ ಪುಟ್ಟ ಸ್ಟೀಲ್ ಲೋಟ, ಅದರಲ್ಲಿ ಉಗುರುಬೆಚ್ಚಗಿನ ಹಾಲು. ನಾನು ಬಾಗಿಲಲ್ಲೇ ನಿಂತು ನೋಡಿದೆ, ಸಂತೋಷ್. ಲೋಟದ ಅಂಚನ್ನು ಅವನ ಕೆಳತುಟಿಗೆ ತಾಗಿಸಿ, ಬಗ್ಗಿಸಿ, ಅಲ್ಲೇ ನಿಲ್ಲಿಸಿದ್ದರು. ಒಂದು ಹನಿಯನ್ನೂ ಹೊಯ್ಯಲಿಲ್ಲ. ಕಾಯುತ್ತಿದ್ದರು. ಸಮ್ಯಕ್ ತುಟಿ ಮುಂದೆ ಮಾಡಿ ಎಳೆದುಕೊಂಡ. ನುಂಗಿದ. ಲೋಟ ದೂರ ಸರಿಯಿತು, ಅವನು ಉಸಿರು ತೆಗೆದುಕೊಂಡ ಮೇಲೆ ಮತ್ತೆ ಹತ್ತಿರ ಬಂತು.

ಸ್ವಲ್ಪ ಹಾಲು ಮೂಗಿನಿಂದ ಬಂತು. ಪಕ್ಕದಲ್ಲಿ ಇಡ್ಲಿ ತಿನ್ನುತ್ತಿದ್ದವರೊಬ್ಬರು ತಟ್ಟೆ ಎತ್ತಿಕೊಂಡು ಆಚೆ ಬೆಂಚಿಗೆ ಹೋದರು. ಅತ್ತೆ ಸೆರಗಿನಿಂದ ಮಗುವಿನ ಮೂಗು ಒರೆಸಿ, ಆ ಮನುಷ್ಯನಿಗೆ ಕೇಳುವಂತೆ, “ಅಂಗುಳ ಸೀಳೈತೆ, ಅದ್ಕೇ ಬತ್ತೈತೆ. ಮೈಸೂರ್ನಾಗೆ ಆಪ್ರೇಸನ್ ಮಾಡ್ತಾರೆ. ಆಮೇಲೆ ಬರಕಿಲ್ಲ,” ಎಂದರು. ಅವರ ದನಿಯಲ್ಲಿ ನಾಚಿಕೆ ಇರಲಿಲ್ಲ. ಹೋಟೆಲಿನ ಯಜಮಾನರು ತಾವಾಗಿಯೇ ಇನ್ನರ್ಧ ಲೋಟ ಹಾಲು ಆರಿಸಿ ತಂದಿಟ್ಟರು.

ನಾನು ಹೋಗಿ ಪಕ್ಕದಲ್ಲಿ ಕೂತೆ. “ನೀವು ನೋಡ್ತಾನೇ ಇರ್ಲಿಲ್ವಲ್ಲ ಅತ್ತೆ, ಇದೆಲ್ಲ ಹೇಗೆ ಗೊತ್ತಾಯ್ತು?” ಎಂದೆ.

“ಕೊಟ್ಗೆ ಬಾಗ್ಲಲ್ಲಿ ನಿಂತ್ಕಂಡು ದಿನಾ ನೋಡ್ತಿದ್ದೆ,” ಎಂದರು.

ಬಾಟಲಿ ಅಂದಿಗೇ ಬಿಟ್ಟುಹೋಯಿತು ಎಂದು ಬರೆಯಲು ಆಸೆ, ಆದರೆ ಹಾಗಾಗಲಿಲ್ಲ. ಚೀಲ ಮರುದಿನ ಸಿಕ್ಕಿತು. ನಿದ್ದೆ ಬರುವ ಹೊತ್ತಿಗೆ ಅವನಿಗೆ ಬಾಟಲಿಯೇ ಬೇಕು. ಒಂದು ವಾರ ಅವನು ಹಟ ಮಾಡಿ, ಅವನಿಗೆ ಜ್ವರ ಬಂದು, ನಾನು ಸೋತು ಕೊಟ್ಟದ್ದೂ ಉಂಟು. ಅತ್ತೆ ಬೈಯಲಿಲ್ಲ. “ನಾಳೆ ನೋಡಾಣ ಬಿಡವ್ವ,” ಎಂದರು. ಕೊನೆಗೆ ಸಂಜೆ ಲೋಟದಲ್ಲಿ ಕುಡಿಸಿ ಹೆಗಲ ಮೇಲೆ ಹಾಕಿಕೊಂಡು, ರಸ್ತೆಗೆ ಹೋಗಿ ಬಸ್ಸು ಲಾರಿ ತೋರಿಸುತ್ತಾ ತಿರುಗಾಡಿಸಿ ಮಲಗಿಸುವ ಅಭ್ಯಾಸ ಮಾಡಿದರು. ಬಸ್ಸಿನ ಸದ್ದಿಗೆ ನಿಮ್ಮ ಮಗ ಬಾಟಲಿ ಮರೆತ. ಮೈಸೂರಿಗೆ ಹೊರಟಾಗ ನಮ್ಮ ಬ್ಯಾಗಿನಲ್ಲಿ ಲೋಟ ಮಾತ್ರ ಇತ್ತು.

ಆಪರೇಷನ್ ಆದ ಮೇಲೆ ಅವನು ಯಾರ ಮುಖವನ್ನೂ ನೋಡಲಿಲ್ಲ. ಬಾಯಿ ಊದಿತ್ತು, ಎಂಜಲಿನಲ್ಲಿ ರಕ್ತ ಇತ್ತು. ಕೈ ಬಾಯಿಗೆ ಹೋಗದಂತೆ ಮೊಣಕೈಗಳಿಗೆ ಪಟ್ಟಿ ಕಟ್ಟಿದ್ದರು. ನರ್ಸ್ ನೀರು ಕೊಟ್ಟರೆ ಮುಖ ತಿರುಗಿಸಿದ, ನಾನು ಕೊಟ್ಟರೂ ಅಷ್ಟೇ. “ಸ್ವಲ್ಪವಾದ್ರೂ ಕುಡಿದ್ರೆ ಡ್ರಿಪ್ ತೆಗೀಬಹುದು,” ಎಂದರು ಡಾಕ್ಟರ್. ಅತ್ತೆ ಮಂಚದ ಮೇಲೆ ಕಾಲು ಮಡಿಸಿ ಕೂತು ಅವನನ್ನು ಒರಗಿಸಿಕೊಂಡರು. ಲೋಟವನ್ನು ತುಟಿಗೆ ತಾಗಿಸಿ, ಬೇಲೂರಿನಲ್ಲಿ ಕಾದ ಹಾಗೆಯೇ ಕಾದರು. ಅವನು ಅತ್ತ, ಸುಮ್ಮನಾದ, ಆಮೇಲೆ ಒಂದು ಗುಟುಕು ಎಳೆದುಕೊಂಡ. ಮೂಗಿನ ಹತ್ತಿರ ಬಟ್ಟೆ ಹಿಡಿದು ನಾವು ಕಾದೇ ಕಾದೆವು. ಏನೂ ಬರಲಿಲ್ಲ. ಬಟ್ಟೆ ಒಣಗಿಯೇ ಇತ್ತು. ಮಾವ ಹೊರಗೆ ಹೋಗಿ ಕನ್ನಡಕ ಒರೆಸಿಕೊಂಡು ಬಂದರು.

ಈಗ ಹೊಲಿಗೆಯೆಲ್ಲ ಕೂಡಿದೆ. ಮಾತು ಸರಿಯಾಗಿ ಬರಲು ಮುಂದೆ ತರಬೇತಿ ಬೇಕಾಗಬಹುದು ಎಂದಿದ್ದಾರೆ, ಅದಕ್ಕೆ ನಾನಿದ್ದೇನೆ, ಇಡೀ ಒಂದನೇ ಕ್ಲಾಸಿಗೆ ಅಕ್ಷರ ಕಲಿಸುವವಳು. ಸಂಕ್ರಾಂತಿ ಹೊತ್ತಿಗೆ ಶಾಲೆಗೆ ಮರಳುತ್ತೇನೆ. ಹಗಲು ಅತ್ತೆ ನೋಡಿಕೊಳ್ಳುತ್ತಾರೆ. ಸಮ್ಯಕ್ ಈಗ ಎರಡೂ ಕೈಯಲ್ಲಿ ಲೋಟ ಹಿಡಿದು, ಕುಡಿದು ಮುಗಿಸಿ, ಬೋರಲು ಹಾಕಿ ನಮಗೆಲ್ಲ ತೋರಿಸುತ್ತಾನೆ. ನೀವು ಬಂದಾಗ ನಿಮಗೂ ತೋರಿಸುತ್ತಾನೆ.

ಮೈ ಜೋಪಾನ. ಚಳಿಯಲ್ಲಿ ಕಾಲು ಒದ್ದೆ ಇಟ್ಟುಕೊಳ್ಳಬೇಡಿ. ಅಪ್ಪ ಅವ್ವ ಇಬ್ಬರೂ ನಿಮ್ಮ ತಲೆ ಸವರಿ ಹರಸಿದ್ದಾರೆ. ಬುದ್ಧನ ಕರುಣೆ ನಿಮ್ಮನ್ನು ಕಾಯಲಿ.

ನಿಮ್ಮವಳೇ ಆದ,
ರಮಾ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿದ ಮೇಲೆ, ಮಾವ ಔಷಧಿ ತರಲು ಹೋಗಿದ್ದಾಗ, ಅತ್ತೆ ನನ್ನ ಕೈ ಹಿಡಿದುಕೊಂಡು ಹೇಳಿದರು. ನಿಮಗಿಂತ ಮೊದಲು ಅವರಿಗೊಂದು ಗಂಡು ಮಗು ಆಗಿತ್ತಂತೆ, ಗೆಂಡೆಹಳ್ಳಿಯ ತವರಿನಲ್ಲಿ. ಮೊಲೆ ಹಿಡಿಯಲಿಲ್ಲ. ಎಲ್ಲರೂ ಹೇಳಿಕೊಟ್ಟ ಹಾಗೆ ಕಾಲ ಮೇಲೆ ಅಂಗಾತ ಮಲಗಿಸಿಕೊಂಡು ಹಾಲು ಹೊಯ್ಯುತ್ತಿದ್ದರಂತೆ, ಎಲ್ಲ ಮೂಗಿನಲ್ಲಿ ಬರುತ್ತಿತ್ತಂತೆ. “ಒಂದಿನ ನೆತ್ತಿಗೆ ಹತ್ತಿ ಉಸ್ರು ನಿಂತೋಯ್ತು ಕಣವ್ವ. ನನ್ ಕಾಲ್ ಮ್ಯಾಲೇಯ,” ಎಂದರು. ಏಕೆ ಹಾಗಾಯಿತೆಂದು ಇಷ್ಟು ವರ್ಷ ಅವರಿಗೆ ತಿಳಿದಿರಲಿಲ್ಲ. ಸಮ್ಯಕ್ ಹುಟ್ಟಿದ ದಿನ ಡಾಕ್ಟರ್ ಟಾರ್ಚ್ ಬಿಟ್ಟು ಅವನ ಅಂಗುಳ ತೋರಿಸಿದಾಗ ತಿಳಿಯಿತಂತೆ. ಆ ಮಗುವಿಗೆ ಹೆಸರಿಟ್ಟಿರಲಿಲ್ಲ. “ಹೆಸ್ರು ಮಡಗಿದ್ರೆ, ಒಬ್ಳೇ ಇದ್ದಾಗ ಕರೆಯೋಕಾದ್ರೂ ಆಗೋದು,” ಎಂದರು.

ಇದನ್ನು ನಿಮಗೆ ಬರೆಯಲೇ ಎಂದು ಕೇಳಿದೆ. ಮುಚ್ಚಿದ್ದ ಬಾಗಿಲಿನ ಕಡೆ ನೋಡಿದರು. ಆಮೇಲೆ, “ಬರಿ ಕಣವ್ವ. ಅವ್ನಿಗೂ ಒಬ್ಬ ಅಣ್ಣ ಇದ್ದ ಅಂತ ಗೊತ್ತಾಗ್ಲಿ,” ಎಂದರು.