ಅಪ್ಪನ ಕಿಟಕಿಗೆ ಪುಟ್ಟಿ ಮೆತ್ತಬೇಡ

ಅಣ್ಣಾ,

ಹಾಲು ಕಾಯಿಸಿಟ್ಟಿದ್ದೇನೆ, ಅಪ್ಪ ಎದ್ದ ಮೇಲೆ ಬಿಸಿ ಮಾಡಿ ಕೊಡು. ನೀನಾಗಿ ಎಬ್ಬಿಸಬೇಡ. ಮಳೆಗೆಂದು ಕಿಟಕಿ ಮುಚ್ಚಿದಾಗಿನಿಂದ ಉಸಿರು ಕಟ್ಟಿ ಎದ್ದು ಕೂರುತ್ತಿದ್ದವರು ನಿನ್ನೆ ರಾತ್ರಿ ಒಮ್ಮೆಯೂ ಏಳಲಿಲ್ಲ. ಪಕ್ಕದ ಕೋಣೆಯಿಂದ ಕಿವಿಗೊಟ್ಟು ಕೇಳುತ್ತಲೇ ಇದ್ದೆ.

ಅವರ ಕಿಟಕಿಯ ಚೌಕಟ್ಟಿನಲ್ಲಿ ನಾನು ನಿನ್ನೆ ಕೊರೆದ ಗಾಳಿಕಿಂಡಿಗೆ ನೀನು ಪುಟ್ಟಿ ಮೆತ್ತಕೂಡದು. ಡಬ್ಬಿ ಹುಡುಕಬೇಡ, ನನ್ನ ಚೀಲದಲ್ಲಿದೆ.

"ಚೌಕಟ್ಟಿಗೆ ತೂತು ಹಾಕಿ ಮಾರೋಕೆ ನಮ್ಮದೇನು ಜರಡಿ ಅಂಗಡಿನಾ?" ಅಂದೆಯಲ್ಲ. ನಾನು ಮೊದಲು ಮಾಡಿದ ಚೌಕಟ್ಟು ಸೋರಿದ್ದು ನಿಜ, ಕಿಂಡಿಯನ್ನು ನೇರವಾಗಿ ಕೊರೆದಿದ್ದೆ. ಇದರ ಬಾಯಿ ಹೊರಗೆ ತಗ್ಗಿನಲ್ಲಿದೆ, ಒಳಗೆ ಎತ್ತರದಲ್ಲಿದೆ. ಹೊರಬಾಯಿಯ ಮೇಲೆ ಇಳಿಜಾರಾದ ತಗಡಿನ ಮರೆಯಿದೆ. ಗಾಳಿ ಹತ್ತಿ ಬರುತ್ತದೆ, ನೀರು ಹತ್ತಲಾರದು. ನಂಬಿಕೆ ಬಾರದಿದ್ದರೆ ಹೊರಗಿನಿಂದ ಪೈಪು ಹಿಡಿದು ನೀರು ಬಿಟ್ಟು ನೋಡು. ಅಪ್ಪ ಎದ್ದ ಮೇಲೆ.

ನಮ್ಮ ಅಂಗಡಿಯಲ್ಲಿದ್ದ ಇದರ ಜೋಡಿ ಚೌಕಟ್ಟನ್ನು ಹಾಸ್ಟೆಲ್ ಕಟ್ಟಿಸುತ್ತಿರುವ ಎಂಜಿನಿಯರ್‌ಗೆ ತೋರಿಸಲು ಒಯ್ಯುತ್ತಿದ್ದೇನೆ. ನಿನ್ನನ್ನು ಕೇಳಲಿಲ್ಲ, ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ನನಗೇನೂ ಧೈರ್ಯ ಉಕ್ಕಿ ಹರಿಯುತ್ತಿಲ್ಲ. ಆದರೂ ಹೊರಟಿದ್ದೇನೆ, ಆಟೋ ಬಾಗಿಲಿಗೆ ಬಂದಿದೆ.

ಒಂದೇ ಒಂದು ಹನಿ ಒಳಗೆ ಬಿದ್ದರೂ ಫೋನ್ ಮಾಡು, ನಾನೇ ಬಂದು ಪುಟ್ಟಿ ಮೆತ್ತುತ್ತೇನೆ. ಬೀಳದಿದ್ದರೆ, ಸಂಜೆ ನಾನು ಬರುವಷ್ಟರಲ್ಲಿ ನಿನ್ನ ಕೋಣೆಯ ಕಿಟಕಿಯ ಅಳತೆ ತೆಗೆದಿಡು.

ತಂಗಿ